ಸಮುದ್ರದಲ್ಲಿ ತೇಲುವ ವಿಂಡ್ ಟರ್ಬೈನ್‌ಗಳ ನಿರ್ವಹಣೆಯ ಕೆಲಸಕ್ಕಾಗಿ ಸಾಲ ಮಾಡಿ ತರಬೇತಿ ಪಡೆಯಬೇಕೇ?

ಪಾವಗಡದ ಸೌರ ಪಾರ್ಕಿನಲ್ಲಿ ಮೂರು ವರ್ಷ ದುಡಿದ ಡಿಪ್ಲೊಮಾದವರು ನೀವು, ಈಜು ಬರುವುದಿಲ್ಲ, ಯುರೋಪಿನ ತೇಲು ಟರ್ಬೈನ್‌ಗಳ ಕೆಲಸಕ್ಕೆ ಹೋಗುವ ಆಸೆಯಿದೆ, ಸಾಲ ಮಾಡಿ ಸಮುದ್ರ ಸುರಕ್ಷತೆಯ ತರಬೇತಿ ಪಡೆಯಲೇ, ಮೊದಲು ಈಜು ಕಲಿಯಲೇ ಎಂದು ಕೇಳಿದ್ದೀರಿ. ಪಾವಗಡ ಎಂದಿರುವಲ್ಲಿ ಶಿರಾ ಎಂದೂ, ಸೌರ ಫಲಕ ಎಂದಿರುವಲ್ಲಿ ಚಿತ್ರದುರ್ಗದ ಗುಡ್ಡಗಳ ವಿಂಡ್‌ಮಿಲ್ ಎಂದೂ ತಿದ್ದಿದರೆ ಇದು ಒಂದು ಕಾಲಕ್ಕೆ ನಾನೇ ಕೇಳಬಹುದಾಗಿದ್ದ ಪ್ರಶ್ನೆ.

ನಮ್ಮೂರಿನ ಕೆರೆ ಕೋಡಿ ಬಿದ್ದ ವರ್ಷಗಳನ್ನು ಬೆರಳಿನಲ್ಲಿ ಎಣಿಸಬಹುದು, ಹೀಗಾಗಿ ನಾನೂ ಈಜು ಕಲಿತವನಲ್ಲ. ಆದರೆ ಮುಂದೆ ನಾನು ಕೆಲಸಕ್ಕೆ ಹೋದ ಯುರೋಪಿನ ಉತ್ತರದ ಆ ತಣ್ಣನೆಯ ಕಡಲಿನಲ್ಲಿ ಬಿದ್ದವನ ಜೀವವನ್ನು ಕಾಯುವುದು ಮೈಗೆ ತೊಟ್ಟ ನೀರು ನುಗ್ಗದ ಸೂಟು, ಎದೆಯ ಮೇಲಿನ ಲೈಫ್ ಜಾಕೆಟ್ ಮತ್ತು ಗಾಬರಿಯಿಂದ ಉಸಿರು ಕಟ್ಟದಂತೆ ಮೊದಲ ಒಂದೆರಡು ನಿಮಿಷ ಸುಮ್ಮನೆ ತೇಲುವ ಸಂಯಮ. ಅಲ್ಲಿ ಕೈಕಾಲು ಬಡಿದು ದಡ ಸೇರುವವರು ಯಾರೂ ಇಲ್ಲ. ನನ್ನನ್ನು ನಿಜವಾಗಿ ಕಾಡಿದ್ದು ಎತ್ತರ. ಎತ್ತರ ಹೊಸತಾಗಿರಲಿಲ್ಲ, ಎತ್ತರ ತೂಗುತ್ತಿದ್ದುದು ಹೊಸತು. ತಳದ ತೇಲುವ ಉಕ್ಕಿನ ಚೌಕಟ್ಟು ತುಸುವೇ ವಾಲಿದರೂ ನೂರು ಮೀಟರ್ ಮೇಲಿನ ನೆಸೆಲ್, ಅಂದರೆ ಜನರೇಟರ್ ಇರುವ ಡಬ್ಬಿ, ಮೀಟರ್‌ಗಟ್ಟಲೆ ಅತ್ತಿತ್ತ ಸರಿಯುತ್ತದೆ, ಮತ್ತು ಆ ಮುಚ್ಚಿದ ಡಬ್ಬಿಯೊಳಗೆ ದೃಷ್ಟಿ ನೆಡಲು ದಿಗಂತವೇ ಇರುವುದಿಲ್ಲ. ದೋಣಿಯಲ್ಲಿ ಆರಾಮವಾಗಿದ್ದ ನಾನು ಮೇಲೆ ಹೋಗಿ ವಾಂತಿ ಮಾಡಿಕೊಂಡೆ. ಮೂರನೆಯ ವಾರಕ್ಕೆ ಅದೂ ಹಿಡಿತಕ್ಕೆ ಬಂತು.

ನನ್ನನ್ನು ಕೆಡವಿದ್ದು ಒಂದು ಮುಷ್ಟಿಯಷ್ಟು ದೊಡ್ಡ ಹಿತ್ತಾಳೆಯ ತುಂಡು. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಗೆ ನನ್ನ ಬಳಿ ಇರುವ ಉತ್ತರವೆಲ್ಲ ಇದರಲ್ಲೇ ಇದೆ.

ದೊಡ್ಡ ಟರ್ಬೈನ್‌ಗಳಲ್ಲಿ ರೆಕ್ಕೆಗಳನ್ನು ಗಾಳಿಗೆ ತಕ್ಕಂತೆ ತಿರುಗಿಸಲು ಹಲವೆಡೆ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ವ್ಯವಸ್ಥೆಯಿರುತ್ತದೆ. ಕರೆಂಟು ಹೋದರೂ ರೆಕ್ಕೆಗಳು ಗಾಳಿಗೆ ಸಿಗದಂತೆ ಹೊರಳಿ ಯಂತ್ರ ನಿಲ್ಲಬೇಕು. ಅದಕ್ಕೆ ಬೇಕಾದ ಒತ್ತಡವನ್ನು ನೈಟ್ರೋಜನ್ ಅನಿಲ ತುಂಬಿದ, ಅಕ್ಯುಮ್ಯುಲೇಟರ್ ಎಂಬ ಸಿಲಿಂಡರ್‌ಗಳು ಹಿಡಿದಿಟ್ಟಿರುತ್ತವೆ. ಆ ಅನಿಲ ನಿಧಾನವಾಗಿ ಸೋರುತ್ತದೆ, ಕಾಲಕಾಲಕ್ಕೆ ಪರೀಕ್ಷಿಸಿ ತುಂಬಬೇಕು. ಫೆಬ್ರವರಿಯ ಒಂದು ಬೆಳಿಗ್ಗೆ ಆ ಕೆಲಸ ನನ್ನ ಪಾಲಿಗೆ ಬಂತು. ಸ್ಟೋರಿನಲ್ಲಿ ನೈಟ್ರೋಜನ್ ತುಂಬುವ ಕಿಟ್ಟಿನ ಪೆಟ್ಟಿಗೆ ಸಿದ್ಧವಾಗಿತ್ತು, ಮೇಲಿನ ಚೀಟಿಯಲ್ಲಿ ನಮ್ಮ ಮಾದರಿಯ ಯಂತ್ರದ ಹೆಸರೇ ಇತ್ತು, ಹಿಂದಿನ ಪಾಳಿಯವರು ಮುಚ್ಚಳಕ್ಕೆ ಅಚ್ಚುಕಟ್ಟಾಗಿ ಪಟ್ಟಿ ಬಿಗಿದಿದ್ದರು. ತಂಡದ ಮುಖ್ಯಸ್ಥೆ ‘ನೋಡಿದಿರಾ?’ ಎಂದು ಕೇಳಿದಾಗ ನಾನು ‘ನೋಡಿದೆ’ ಎಂದೆ. ಪೆಟ್ಟಿಗೆಯನ್ನು ನೋಡಿದ್ದೆ. ಪೆಟ್ಟಿಗೆಯೊಳಗೆ ನೋಡಿರಲಿಲ್ಲ.

ಸುಳ್ಳು ಹೇಳುತ್ತಿದ್ದೇನೆ ಎಂದು ಆ ಕ್ಷಣ ನನಗೆ ಅನಿಸಲೂ ಇಲ್ಲ. ಚಿತ್ರದುರ್ಗದ ಗುಡ್ಡದಲ್ಲಿ ಸ್ಪ್ಯಾನರ್ ಮರೆತರೆ ಜೀಪಿನ ಚಾಲಕರಿಗೆ ಫೋನು ಮಾಡುತ್ತಿದ್ದೆವು, ಮುಕ್ಕಾಲು ಗಂಟೆಯಲ್ಲಿ ಅದು ಬರುತ್ತಿತ್ತು, ಜೊತೆಗೆ ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣವೂ ಬರುತ್ತಿತ್ತು. ಮರೆವಿಗೆ ಅಲ್ಲಿ ಬೆಲೆಯೇ ಇರಲಿಲ್ಲ. ಆ ಅಭ್ಯಾಸವನ್ನು ನಾನು ಪಾಸ್‌ಪೋರ್ಟಿನ ಜೊತೆಗೇ ಕಟ್ಟಿಕೊಂಡು ಹೋಗಿದ್ದೆ.

ಎರಡು ಗಂಟೆ ದೋಣಿಯ ಪ್ರಯಾಣ ಮಾಡಿ, ಏಣಿಗೆ ದಾಟಿ, ಯಂತ್ರವನ್ನು ನಿಲ್ಲಿಸಿ ಬೀಗ ಹಾಕಿ, ರೆಕ್ಕೆಗಳು ಕೂಡುವ ಹಬ್ಬಿನೊಳಗೆ ತೆವಳಿ ಕುಳಿತು ಪೆಟ್ಟಿಗೆ ಬಿಚ್ಚಿದರೆ, ಮೆದುಗೊಳವೆಯನ್ನು ಅಕ್ಯುಮ್ಯುಲೇಟರಿನ ಕವಾಟಕ್ಕೆ ಕೂಡಿಸುವ ಆ ಹಿತ್ತಾಳೆಯ ಅಡಾಪ್ಟರ್ ಬೇರೆ ಮಾದರಿಯದಾಗಿತ್ತು. ತಿರುಪಿನ ಸುತ್ತೇ ಹೊಂದಲಿಲ್ಲ. ಅಕ್ಯುಮ್ಯುಲೇಟರಿನ ಒತ್ತಡ ಮಿತಿಗಿಂತ ಕೆಳಗಿದೆ ಎಂದು ಅಳೆದಾದ ಮೇಲೆ ಯಂತ್ರವನ್ನು ಮತ್ತೆ ಓಡಿಸುವಂತೆಯೂ ಇರಲಿಲ್ಲ. ದೋಣಿ ದಡಕ್ಕೆ ಹೋಗಿ ಬರುವಷ್ಟರಲ್ಲಿ ಕಡಲು ಏಳುತ್ತಿತ್ತು. ಚಿಕ್ಕ ದೋಣಿಯ ಮೂತಿಯನ್ನು ಏಣಿಗೆ ಒತ್ತಿ ನಿಲ್ಲಿಸಿ ಜನರನ್ನು ದಾಟಿಸುವುದಕ್ಕೆ ಸಾಮಾನ್ಯವಾಗಿ ಅಲೆಯ ಎತ್ತರ ಸುಮಾರು ಒಂದೂವರೆ ಮೀಟರ್ ಒಳಗಿರಬೇಕು, ಅದರಲ್ಲೂ ತೇಲು ಟರ್ಬೈನಿನಲ್ಲಿ ದೋಣಿಯೂ ಏಣಿಯೂ ಎರಡೂ ಅಲುಗುತ್ತಿರುತ್ತವೆ. ನಮ್ಮನ್ನು ಮಧ್ಯಾಹ್ನವೇ ಇಳಿಸಿದರು. ಮುಂದಿನ ಹನ್ನೊಂದು ದಿನ ಆ ಮಿತಿಯೊಳಗೆ ಕಡಲು ಇಳಿಯಲಿಲ್ಲ.

ಅದು 8 ಮೆಗಾವ್ಯಾಟ್ ಮೀರಿದ ಯಂತ್ರ. ಅರ್ಧ ಶಕ್ತಿಯಲ್ಲಿ ತಿರುಗಿದ್ದರೂ ದಿನಕ್ಕೆ 96 ಸಾವಿರ ಯೂನಿಟ್, ಹನ್ನೊಂದು ದಿನಕ್ಕೆ ಹತ್ತು ಲಕ್ಷ ಯೂನಿಟ್‌ಗೂ ಮೇಲೆ. ಗಾಳಿ ಚೆನ್ನಾಗಿ ಬೀಸಿದ ದಿನಗಳಲ್ಲೇ ಅಲೆಯೂ ಏಳುವುದರಿಂದ, ನಿಂತ ಯಂತ್ರ ನಿಂತೇ ಇರುವುದು ಸದಾ ಒಳ್ಳೆಯ ಗಾಳಿಯ ದಿನಗಳಲ್ಲೇ. ಹನ್ನೆರಡನೆಯ ದಿನ ಸರಿಯಾದ ಅಡಾಪ್ಟರ್ ಒಯ್ದಾಗ ಕೆಲಸ ಒಂದು ಗಂಟೆಯೊಳಗೆ ಮುಗಿಯಿತು. ಯಾರೂ ನನ್ನನ್ನು ಬೈಯಲಿಲ್ಲ. ಮುಂದಿನ ಸರದಿಯ ಪಟ್ಟಿಯಲ್ಲಿ ನನ್ನ ಹೆಸರು ದಡದ ಸ್ಟೋರಿನ ಕೆಳಗೆ ಬಂದಿತ್ತು, ಅಷ್ಟೇ; ಕಡಲ ಭತ್ಯೆ ಹೋಯಿತು, ಊರಿಗೆ ಕಳಿಸುವ ಹಣ ಎರಡು ತಿಂಗಳು ಅರ್ಧಕ್ಕಿಳಿಯಿತು. ಕಾರಣವನ್ನು ಅವ್ವನಿಗೆ ನಾನು ಇಂದಿಗೂ ಹೇಳಿಲ್ಲ.

ಆ ಸ್ಟೋರಿನಲ್ಲಿ ಕುಳಿತ ಮೇಲೆಯೇ ಈ ಕಸುಬು ನನಗೆ ಅರ್ಥವಾಗಿದ್ದು. ಊರಿನ ಭಾಷೆಯಲ್ಲಿ ಹೇಳುವುದಾದರೆ ತೇಲು ಟರ್ಬೈನ್ ಒಂದು ಸಾವಿರ ಅಡಿಯ ಬೋರ್‌ವೆಲ್ ಇದ್ದಂತೆ. ಮೋಟರ್ ಸುಟ್ಟರೆ ಮೆಕ್ಯಾನಿಕ್ ಕೆಳಗಿಳಿಯಲಾರ, ಮೋಟರನ್ನೇ ಮೇಲೆತ್ತಬೇಕು. ಕಡಲ ತಳಕ್ಕೆ ಕಂಬ ಊರಿದ ಟರ್ಬೈನ್ ಆದರೆ, ತಳಕ್ಕೆ ಕಾಲೂರಿ ನಿಲ್ಲುವ ಹಡಗು ಬಂದು ಅದರ ಕ್ರೇನ್ ದೊಡ್ಡ ಭಾಗಗಳನ್ನು ಬದಲಿಸುತ್ತದೆ. ನೂರು ಮೀಟರ್ ಆಳದಲ್ಲಿ ಆ ಹಡಗಿನ ಕಾಲು ನೆಲಕ್ಕೆ ಎಟುಕುವುದಿಲ್ಲ. ಆಗ ಲಂಗರಿನ ಸರಪಳಿಗಳನ್ನೂ ವಿದ್ಯುತ್ ಕೇಬಲ್ಲನ್ನೂ ಬಿಡಿಸಿ ಇಡೀ ಟರ್ಬೈನನ್ನೇ ಬಂದರಿಗೆ ಎಳೆದೊಯ್ಯಬೇಕಾಗುತ್ತದೆ. 2017ರಲ್ಲಿ ಆರಂಭವಾದ ತೇಲು ವಿಂಡ್ ಪಾರ್ಕ್ ಹೈವಿಂಡ್ ಸ್ಕಾಟ್ಲೆಂಡ್‌ನ ಐದೂ ಟರ್ಬೈನ್‌ಗಳನ್ನು 2024ರಲ್ಲಿ ದುರಸ್ತಿಗಾಗಿ ನಾರ್ವೆಗೆ ಎಳೆದೊಯ್ದರು. ಸ್ಕಾಟ್ಲೆಂಡಿನದೇ ಇನ್ನೊಂದು ತೇಲು ಪಾರ್ಕ್ ಕಿಂಕಾರ್ಡಿನ್‌ನ ಒಂದು ಟರ್ಬೈನ್ 2022ರಲ್ಲಿ ನೆದರ್‌ಲೆಂಡ್ಸ್‌ನ ರಾಟರ್‌ಡ್ಯಾಮ್‌ವರೆಗೂ ಹೋಗಿ ಬಂತು. ಅದೇ ಕಿಂಕಾರ್ಡಿನ್‌ನಲ್ಲಿ 2024ರಲ್ಲಿ ಎಳೆಯದೆಯೇ, ಇದ್ದಲ್ಲೇ ಜನರೇಟರ್ ಬದಲಿಸಿದ್ದೂ ಆಗಿದೆ. ಹೇಗೆ ಮಾಡಿದರೂ ತಿಂಗಳುಗಟ್ಟಲೆ ತಯಾರಿ ದಡದಲ್ಲೇ ನಡೆಯುತ್ತದೆ, ಕಡಲಿನಲ್ಲಿ ಕಳೆಯುವುದು ಅದರ ಒಂದು ಚೂರು.

ಆದ್ದರಿಂದ ನಿಮ್ಮ ಎರಡು ಆಯ್ಕೆಗಳಲ್ಲಿ ಯಾವುದನ್ನೂ ನಾನು ಒಪ್ಪುವುದಿಲ್ಲ. ಈಜನ್ನು ಬೇಕಾದರೆ ಕಲಿಯಿರಿ, ಮೈಗೆ ಒಳ್ಳೆಯದು. ಸಾಲ ಮಾತ್ರ ಬೇಡ. ಜಿಡಬ್ಲ್ಯುಒ (ಗ್ಲೋಬಲ್ ವಿಂಡ್ ಆರ್ಗನೈಸೇಶನ್) ಎಂಬ ಸಂಸ್ಥೆಯ ಮೂಲ ಸುರಕ್ಷತಾ ತರಬೇತಿಯ ಐದು ಭಾಗಗಳಲ್ಲಿ ಸಮುದ್ರದಲ್ಲಿ ಜೀವ ಉಳಿಸಿಕೊಳ್ಳುವುದು ಒಂದು, ಆ ಪ್ರಮಾಣಪತ್ರದ ಆಯುಸ್ಸು ಎರಡೇ ವರ್ಷ. ಕೆಲಸ ಸಿಗುವ ಮೊದಲೇ ಮಾಡಿಸಿದರೆ ಅದು ಬೀರುವಿನಲ್ಲೇ ಮುಗಿದುಹೋಗುತ್ತದೆ. ಕೋರ್ಸಿನ ಜೊತೆ ಕೆಲಸವನ್ನೂ ಕೊಡಿಸುತ್ತೇನೆ ಎನ್ನುವ ಏಜೆಂಟರನ್ನು ಬಾಗಿಲಿನಿಂದಲೇ ಕಳಿಸಿ. ನಮ್ಮ ದೇಶದ ಕಡಲಿನಲ್ಲೇ ಕೆಲಸ ಬರುತ್ತದೆ ಎಂದು ಕಾಯುವುದೂ ಸದ್ಯಕ್ಕೆ ಬೇಡ: ಕಡಲ ಪವನ ವಿದ್ಯುತ್ತಿನ ನೀತಿ 2015ರಲ್ಲೇ ಬಂದಿದೆ, ಗುಜರಾತ್ ಮತ್ತು ತಮಿಳುನಾಡಿನ ಕರಾವಳಿಯ 1000 ಮೆಗಾವ್ಯಾಟ್‌ಗೆ ನೆರವಾಗಲು 7453 ಕೋಟಿ ರೂಪಾಯಿಯ ಯೋಜನೆಗೆ 2024ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ, ಆದರೆ ನಾನು ಇದನ್ನು ಬರೆಯುವ ಹೊತ್ತಿಗೆ ಅಲ್ಲಿ ವಿದ್ಯುತ್ ಕೊಡುವ ಟರ್ಬೈನ್ ಒಂದೂ ನಿಂತಿಲ್ಲ.

ಸೌರ ಫಲಕಗಳಿಂದ ನೇರವಾಗಿ ತೇಲು ಟರ್ಬೈನಿಗೆ ಹಾರುವ ಆಲೋಚನೆಯನ್ನೂ ಬಿಡಿ. ಪಾವಗಡದಿಂದ ಚಿತ್ರದುರ್ಗ ದೂರವಲ್ಲ. ಗುಡ್ಡದ ಟರ್ಬೈನ್‌ಗಳಲ್ಲಿ ಎರಡು ವರ್ಷ ಹೈಡ್ರಾಲಿಕ್ ಮತ್ತು ಬೋಲ್ಟು ಬಿಗಿಯುವ ಕೆಲಸ ಕಲಿಯಿರಿ, ಸಾಧ್ಯವಾದರೆ ಯಾರೂ ಬಯಸದ ಸ್ಟೋರಿನ ಪಾಳಿಯನ್ನು ಕೇಳಿ ಪಡೆಯಿರಿ. ಅದಕ್ಕೂ ಮೊದಲು, ಮುಂದಿನ ವಾರ ನಿಮ್ಮ ಪಾರ್ಕಿನಲ್ಲಿ ಇನ್ವರ್ಟರ್ ಕೆಟ್ಟು ನೀವು ದುರಸ್ತಿಗೆ ಹೊರಟಾಗ, ಕೆಲಸ ಮುಗಿಯುವುದರೊಳಗೆ ಮರೆತ ವಸ್ತುವಿಗಾಗಿ ಎಷ್ಟು ಸಲ ಜೀಪಿನವರೆಗೆ ಅಥವಾ ಸ್ಟೋರಿನವರೆಗೆ ಹೋಗಿ ಬಂದಿರಿ ಎಂಬುದನ್ನು ಪ್ರಾಮಾಣಿಕವಾಗಿ ಎಣಿಸಿ, ಆ ಸಂಖ್ಯೆಯನ್ನು ಈ ಉತ್ತರದ ಕೆಳಗೆ ಬರೆಯಿರಿ. ಉಳಿದದ್ದನ್ನು ಆಮೇಲೆ ಮಾತನಾಡೋಣ.