ಗಣಿತ ಮೇಳದ ಉತ್ಸಾಹ ವಾರದೊಳಗೆ ಇಳಿದುಹೋಗುವುದೇಕೆ?

ಯಲಹಂಕದ ಕಡೆಯ ಸರ್ಕಾರಿ ಪ್ರೌಢಶಾಲೆಯೊಂದರ ಗಣಿತ ಶಿಕ್ಷಕರು ಎಂದು ಪರಿಚಯಿಸಿಕೊಂಡು ನೀವು ಕೇಳಿರುವ ಪ್ರಶ್ನೆ ಇದು: ವರ್ಷಕ್ಕೊಮ್ಮೆ ಮಕ್ಕಳನ್ನು ಗಣಿತ ಮೇಳಕ್ಕೋ ಉಪನ್ಯಾಸಕ್ಕೋ ಕರೆದೊಯ್ಯುತ್ತೀರಿ, ಆ ದಿನ ಅವರ ಸಂಭ್ರಮ ಹೇಳತೀರದು, ಆದರೆ ವಾರ ಕಳೆಯುವಷ್ಟರಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ, ಹಾಗಿದ್ದರೆ ಇಂಥ ಕಾರ್ಯಕ್ರಮಗಳಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ನಿಜವಾಗಿ ಏನಾದರೂ ಪ್ರಯೋಜನವಿದೆಯೇ, ಇದ್ದರೆ ಬೆಂಗಳೂರಿನಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ನಾನು ಈ ಊರಿನ ಪ್ರೌಢಶಾಲೆಗಳಲ್ಲಿ ಇಪ್ಪತ್ತನಾಲ್ಕು ವರ್ಷ ಗಣಿತ ಕಲಿಸಿದ್ದೇನೆ. ಅದರಲ್ಲಿ ಕೊನೆಯ ಒಂಬತ್ತು ವರ್ಷ, ಶನಿವಾರ ಬೆಳಗಿನ ತರಗತಿಗಳು ಮುಗಿದ ಮೇಲೆ ಮನಸ್ಸಿದ್ದ ಮಕ್ಕಳನ್ನು ಕೂರಿಸಿಕೊಂಡು ಗಣಿತ ಕೂಟ ನಡೆಸಿದ್ದೇನೆ. ಪ್ರಯೋಜನ ಖಂಡಿತ ಇದೆ. ಆದರೆ ಹೊರಗೆ ಕಂಡದ್ದನ್ನು ಮುಂದಿನ ವಾರ ಶಾಲೆಯಲ್ಲಿ ಕೈಗೆತ್ತಿಕೊಳ್ಳುವ ಶಿಕ್ಷಕರಿದ್ದರೆ ಮಾತ್ರ ಅದು ಮಕ್ಕಳಲ್ಲಿ ಉಳಿಯುತ್ತದೆ. ಮೇಳದಲ್ಲಿ ಮಗು ಒಂದು ಮೇಜಿನ ಮುಂದೆ ಐದು ನಿಮಿಷವೂ ನಿಲ್ಲುವಂತಿಲ್ಲ, ಹಿಂದಿನ ಸಾಲು ಮುಂದಕ್ಕೆ ತಳ್ಳುತ್ತಿರುತ್ತದೆ. ಗಣಿತದ ರುಚಿ ಹತ್ತುವುದು ಒಂದೇ ಪ್ರಶ್ನೆಯ ಹತ್ತಿರ ಬಹಳ ಹೊತ್ತು ಕುಳಿತಾಗ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಒಮ್ಮೆ ನಮ್ಮ ಕೂಟದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, ತನ್ನ ಅಜ್ಜಿ ಹಾಕುವ ರಂಗೋಲಿಯ ಚುಕ್ಕಿಗಳನ್ನು ನೆಲದ ಮೇಲೆ ಇಟ್ಟು ತೋರಿಸಿದಳು: ನಡುವಿನ ಸಾಲಿನಲ್ಲಿ 7 ಚುಕ್ಕಿ, ಅದರ ಮೇಲೂ ಕೆಳಗೂ ಸಂದಿಯಲ್ಲಿ ಬರುವಂತೆ 6, ಆಮೇಲೆ 5, ಹೀಗೆ ಎರಡೂ ಕಡೆ 1 ಬರುವವರೆಗೆ. ಒಟ್ಟು ಎಷ್ಟು ಚುಕ್ಕಿ ಎಂದು ಕೇಳಿದೆ. ಕೂಡಿಸಿ 49 ಎಂದರು. ಕೂಡಿಸದೆಯೇ ಹೇಳಬಹುದೇ ಎಂದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹುಡುಗ ಎದ್ದು ಪಕ್ಕಕ್ಕೆ ಹೋಗಿ ನಿಂತು, "ಮಿಸ್, ಓರೆಯಾಗಿ ನೋಡಿದರೆ ಏಳು ಸಾಲು ಇವೆ, ಒಂದೊಂದರಲ್ಲೂ ಏಳೇ ಚುಕ್ಕಿ" ಎಂದ. 1ರಿಂದ 7ರವರೆಗೆ ಏರಿ ಮತ್ತೆ 1ಕ್ಕೆ ಇಳಿಯುವ ಸಂಖ್ಯೆಗಳ ಮೊತ್ತ 7ರ ವರ್ಗವೇ ಏಕೆ ಆಗಬೇಕು ಎಂಬುದಕ್ಕೆ ಇದಕ್ಕಿಂತ ಚೊಕ್ಕ ರುಜುವಾತನ್ನು ನಾನೂ ಕೊಡಲಾರೆ.

ಮುಂದಿನ ಶನಿವಾರ ಪ್ರಶ್ನೆಯನ್ನು ಕೊಂಚ ಬದಲಿಸಿದೆ: ಎರಡೂ ಕಡೆ 1ರವರೆಗೆ ಹೋಗದೆ 4ಕ್ಕೇ ನಿಲ್ಲಿಸಿದರೆ? ಆಗ ಆರು ಮೂಲೆಯ ಆಕೃತಿ ಬರುತ್ತದೆ. 49ರಿಂದ ಮೇಲೊಂದು ಕೆಳಗೊಂದು ತ್ರಿಕೋನವನ್ನು, ಅಂದರೆ ಆರಾರು ಚುಕ್ಕಿಗಳನ್ನು, ತೆಗೆದರೆ 37 ಉಳಿಯುತ್ತದೆ. ಇದೇ ಬಗೆಯ ಚಿಕ್ಕ ರಂಗೋಲಿಗಳಲ್ಲಿ 1, 7, 19 ಚುಕ್ಕಿಗಳು ಬರುತ್ತವೆ ಎಂದು ಮಕ್ಕಳೇ ಕಂಡುಕೊಂಡರು. ಇವುಗಳನ್ನು ಕೂಡಿಸುತ್ತ ಹೋದರೆ 1, 8, 27, 64 ಎಂದು ಘನಸಂಖ್ಯೆಗಳೇ ದೊರೆಯುತ್ತವೆ. ಚಪ್ಪಟೆ ರಂಗೋಲಿಯೊಳಗೆ ಘನ ಎಲ್ಲಿಂದ ಬಂತು? ಇದಕ್ಕೆ ಇನ್ನೂ ಒಂದು ಶನಿವಾರ ಬೇಕಾಯಿತು. 64 ಪುಟ್ಟ ಮರದ ತುಂಡುಗಳಿಂದ ಕಟ್ಟಿದ ಘನವನ್ನು ಒಂದು ಮೂಲೆಯ ಕಡೆಯಿಂದ ನೋಡಿದರೆ ಅದರ ಅಂಚು ಷಡ್ಭುಜದಂತೆ ಕಾಣುತ್ತದೆ, ಕಣ್ಣಿಗೆ ಬೀಳುವ ತುಂಡುಗಳು ಸರಿಯಾಗಿ 37, ಹಿಂದೆ ಮರೆಯಾಗಿ ಉಳಿಯುವುದು 27. ಅದನ್ನು ಕಂಡ ಮಧ್ಯಾಹ್ನ ಮಕ್ಕಳು ಮನೆಗೆ ಹೊರಡಲು ಒಪ್ಪಲಿಲ್ಲ.

ಈ ಮೂರು ಶನಿವಾರಗಳ ಮಾತುಕತೆಯೆಲ್ಲ ಕನ್ನಡದಲ್ಲಿಯೇ ನಡೆಯಿತು ಎಂಬುದನ್ನು ಗಮನಿಸಿ. 'ಓರೆಯಾಗಿ ನೋಡಿದರೆ' ಎಂಬ ಮಾತು ಇಂಗ್ಲಿಷಿನಲ್ಲಿ ಹೇಳಬೇಕಾಗಿದ್ದರೆ ಆ ಹುಡುಗ ಬಾಯಿಯನ್ನೇ ತೆರೆಯುತ್ತಿರಲಿಲ್ಲ. 12ನೇ ಶತಮಾನದಲ್ಲಿಯೇ ರಾಜಾದಿತ್ಯನು ಲೆಕ್ಕಗಳನ್ನು ಕನ್ನಡದ ಪದ್ಯಗಳಲ್ಲಿ ಕಟ್ಟಿದ ನಾಡು ಇದು. ನಮ್ಮ ಮಕ್ಕಳು ತಮ್ಮ ನುಡಿಯಲ್ಲಿ ತರ್ಕ ಮಾಡುವುದಕ್ಕೆ ಹಿಂಜರಿಯಬೇಕಾಗಿಲ್ಲ. ಆದ್ದರಿಂದ ಯಾವ ಕಾರ್ಯಕ್ರಮಕ್ಕೆ ಹೋಗುವ ಮೊದಲೂ, ಮಕ್ಕಳು ಕನ್ನಡದಲ್ಲಿ ಪ್ರಶ್ನೆ ಕೇಳಬಹುದೇ ಎಂದು ಮುಂಚಿತವಾಗಿ ವಿಚಾರಿಸಿ.

ಇನ್ನು ಆಯ್ಕೆಯ ವಿಷಯ. ಭಾರತೀಯ ವಿಜ್ಞಾನ ಸಂಸ್ಥೆಯು ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ಜನಸಾಗರವೇ ಸೇರುತ್ತದೆ. ಅಲ್ಲಿಗೆ ಹೋದರೆ ಎಲ್ಲವನ್ನೂ ತೋರಿಸಲು ಓಡಾಡದೆ ಗಣಿತ ವಿಭಾಗವೊಂದನ್ನೇ ನಿಧಾನವಾಗಿ ನೋಡಿ. ನಿಮಗೆ ಹತ್ತಿರದಲ್ಲಿಯೇ, ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿ, ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರವಿದೆ. ಅವರು 'ಕಾಪಿ ವಿತ್ ಕ್ಯೂರಿಯಾಸಿಟಿ' ಎಂಬ ಸಾರ್ವಜನಿಕ ಉಪನ್ಯಾಸಮಾಲೆಯನ್ನು ಜವಾಹರಲಾಲ್ ನೆಹರೂ ತಾರಾಲಯದಂಥ ಸಂಸ್ಥೆಗಳ ಜೊತೆ ಸೇರಿ ನಡೆಸುತ್ತ ಬಂದಿದ್ದಾರೆ. ಆ ಉಪನ್ಯಾಸಗಳು ಎಂಟನೇ ತರಗತಿಯವರಿಗಿಂತ ಹತ್ತನೇ ತರಗತಿಯವರಿಗೆ, ಅದಕ್ಕಿಂತಲೂ ನಿಮಗೆ, ಹೆಚ್ಚು ಉಪಯುಕ್ತ. ಪ್ರಾಥಮಿಕ ಹಂತದಲ್ಲಿ ಅಕ್ಷರ ಫೌಂಡೇಷನ್ ಎಂಬ ಸ್ವಯಂಸೇವಾ ಸಂಸ್ಥೆ ಸರ್ಕಾರಿ ಶಾಲೆಗಳ ಜೊತೆ ನಡೆಸಿದ ಗಣಿತ ಕಲಿಕಾ ಆಂದೋಲನದ ಸಾಮಗ್ರಿ ನಿಮ್ಮ ಪಕ್ಕದ ಶಾಲೆಯಲ್ಲಿ ಇದ್ದರೂ ಇರಬಹುದು. ಭಿನ್ನರಾಶಿಯಲ್ಲಿ ಎಡವುವ ಎಂಟನೇ ತರಗತಿಯ ಮಗುವಿಗೂ ಅದು ನೆರವಾಗುತ್ತದೆ, ಕೇಳಿ ತರಿಸಿಕೊಳ್ಳಲು ಸಂಕೋಚ ಬೇಡ.

ಒಲಿಂಪಿಯಾಡ್ ಬಗ್ಗೆ ಒಂದೆರಡು ಮಾತು. ಭಾರತವು 1989ರಿಂದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಭಾಗವಹಿಸುತ್ತಿದೆ. ಮೊದಲ ಹಂತದ ಅರ್ಹತಾ ಪರೀಕ್ಷೆ, ಆಮೇಲೆ ಪ್ರಾದೇಶಿಕ, ಆಮೇಲೆ ರಾಷ್ಟ್ರೀಯ, ಕೊನೆಗೆ ತಂಡವನ್ನು ಆರಿಸುವ ತರಬೇತಿ ಶಿಬಿರ ಎಂಬುದು ಅದರ ಏಣಿ. ಪ್ರಾದೇಶಿಕ ಹಂತದ ಹಳೆಯ ಪ್ರಶ್ನೆಪತ್ರಿಕೆಗಳನ್ನು ತರಗತಿಗೆ ತನ್ನಿ, ಏಕೆಂದರೆ ಅಲ್ಲಿ ಮೂರು ಗಂಟೆಗೆ ಆರೇ ಪ್ರಶ್ನೆಗಳು, ಪೂರ್ಣ ತರ್ಕವನ್ನು ಬರೆದೇ ಉತ್ತರಿಸಬೇಕು. ಆದರೆ ಆಸಕ್ತಿ ಈಗಷ್ಟೇ ಮೊಳೆಯುತ್ತಿರುವ ಮಗುವನ್ನು ನೇರವಾಗಿ ಕೋಚಿಂಗ್‌ಗೆ ಸೇರಿಸುವುದಕ್ಕೆ ನನ್ನ ಸಮ್ಮತಿಯಿಲ್ಲ. ಗಡಿಯಾರದ ಭಯದಿಂದ ಗಣಿತವನ್ನೇ ಬಿಟ್ಟ ಮೂವರು ಒಳ್ಳೆಯ ಮಕ್ಕಳನ್ನು ನಾನು ಕಂಡಿದ್ದೇನೆ, ಆ ನೋವು ಇನ್ನೂ ಹೋಗಿಲ್ಲ.

ಮಕ್ಕಳ ಕಾರ್ಯಕ್ರಮಗಳಿಗಿಂತ ಮೊದಲು ನಿಮಗಾಗಿ ಒಂದು ಕಾರ್ಯಕ್ರಮವನ್ನು ಹುಡುಕಿಕೊಳ್ಳಿ ಎಂಬುದು ನನ್ನ ಒತ್ತಾಯದ ಸಲಹೆ. ನಾನು ಹೋದ ಒಂದು ತರಬೇತಿಯಲ್ಲಿ ಎರಡು ದಿನ ಪರದೆಯ ಮೇಲಿನ ಸಾಲುಗಳನ್ನು ಓದಿ ಹೇಳಿದರು, ಒಂದೇ ಒಂದು ಲೆಕ್ಕವನ್ನೂ ನಮ್ಮ ಕೈಯಲ್ಲಿ ಮಾಡಿಸಲಿಲ್ಲ. ಇನ್ನೊಂದರಲ್ಲಿ ಪ್ರಾಧ್ಯಾಪಕರೊಬ್ಬರು ಒಂದು ಪ್ರಶ್ನೆ ಕೊಟ್ಟು, ಇಡೀ ಬೆಳಗು ನಮ್ಮ ನಡುವೆಯೇ ಕುಳಿತು, ನಾವು ತಪ್ಪಿದಾಗ ತಿದ್ದದೆ ಕಾದರು. ಶನಿವಾರದ ಕೂಟವನ್ನು ನಾನು ಆರಂಭಿಸಿದ್ದು ಆ ಬೆಳಗಿನ ನಂತರ. ಭಾರತೀಯ ವಿಜ್ಞಾನ ಸಂಸ್ಥೆಯ ಚಳ್ಳಕೆರೆ ಆವರಣದ ಪ್ರತಿಭಾ ವಿಕಾಸ ಕೇಂದ್ರದಲ್ಲಿ ಶಿಕ್ಷಕರಿಗೆ ತರಬೇತಿ ಕೊಡುತ್ತಾರೆ. ಮುಖ್ಯೋಪಾಧ್ಯಾಯರ ಮೂಲಕ ವಿಚಾರಿಸಿ, ಸಾಧ್ಯವಾದರೆ ನಿಮ್ಮ ಶಾಲೆಯ ಇನ್ನೊಬ್ಬ ಶಿಕ್ಷಕರನ್ನೂ ಜೊತೆಗೆ ಕರೆದುಕೊಂಡು ಹೋಗಿ. ವಾಪಸು ಬಂದ ಮೇಲೆ ಮಾತಾಡಲು ಜೊತೆಗೊಬ್ಬರು ಬೇಕಾಗುತ್ತದೆ.

ಈ ವರ್ಷದ ಮೇಳಕ್ಕೆ ಹೊರಡುವಾಗ ಪ್ರತಿ ಮಗುವಿಗೂ ಒಂದು ಹಾಳೆ ಕೊಟ್ಟು, ಅರ್ಥವಾಗದೆ ಉಳಿದ ಒಂದೇ ಒಂದು ಪ್ರಶ್ನೆಯನ್ನು ಬರೆದು ತರಲು ಹೇಳಿ. ಆ ಹಾಳೆಗಳನ್ನು ಇಟ್ಟುಕೊಂಡು ಮುಂದಿನ ಶನಿವಾರ ಕುಳಿತುಕೊಳ್ಳಿ. ಮೊದಲ ವಾರ ನಾಲ್ಕೇ ಮಕ್ಕಳು ಬಂದರೂ ಕೂಟವನ್ನು ನಿಲ್ಲಿಸಬೇಡಿ. ನನ್ನಲ್ಲಿ ಮೊದಲ ದಿನ ಬಂದದ್ದು ಮೂವರು.