ಮರೆಯಬೇಕಾದ ಅಪಘಾತವನ್ನೇ ಮತ್ತೆ ಮತ್ತೆ ಹೇಳಿಸುವುದು ಯಾಕೆ?

ಪ್ರಶ್ನೆ: ಕಮಲಾಪುರದ ಹತ್ತಿರ ಬೈಕ್ ಅಪಘಾತವಾದ ಮೇಲೆ ಅಣ್ಣನಿಗೆ ನಿದ್ದೆಯಿಲ್ಲ, ಗಾಡಿ ಮುಟ್ಟುತ್ತಿಲ್ಲ. ಕಲಬುರಗಿಯ ಮನಶ್ಶಾಸ್ತ್ರಜ್ಞರು ಅದನ್ನೇ ಮತ್ತೆ ಮತ್ತೆ ಹೇಳಿಸುತ್ತಿದ್ದಾರೆ. ಇದರಿಂದ ನೋವು ಜಾಸ್ತಿ ಆಗಲ್ವಾ?

ಉತ್ತರ: ಶುರುವಿನಲ್ಲಿ ಸ್ವಲ್ಪ ಜಾಸ್ತಿ ಆಗಬಹುದು. ಆಮೇಲೆ ಹೆಚ್ಚಿನವರಿಗೆ ಇಳಿಯುತ್ತದೆ. ಇಳಿಸುವುದೇ ಈ ಚಿಕಿತ್ಸೆಯ ಉದ್ದೇಶ.

ನೆನಪು ಬಂದಾಗ ತಪ್ಪಿಸಿಕೊಂಡರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಮಿದುಳು ಇದರಿಂದ ಕಲಿಯುವುದು ಒಂದೇ: 'ತಪ್ಪಿಸಿಕೊಂಡೆ, ಅದಕ್ಕೇ ಉಳಿದೆ.' ಅಪಾಯ ಮುಗಿದಿದೆ ಎಂದು ತಿಳಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ. ಹಾಗಾಗಿ ಹಾರ್ನ್ ಕೇಳಿದರೂ ಎದೆ ಹೊಡೆದುಕೊಳ್ಳುತ್ತದೆ. ಸುರಕ್ಷಿತ ಕೋಣೆಯಲ್ಲಿ, ನಂಬಿದವರ ಎದುರು ಪೂರ್ತಿ ಹೇಳಿದಾಗ ಭಯ ಏರುತ್ತದೆ, ಆದರೆ ಕೆಟ್ಟದ್ದೇನೂ ಆಗುವುದಿಲ್ಲ. ಇದು ಹಲವು ಸಲ ಆದ ಮೇಲೆ ಆ ಘಟನೆ ಈಗ ನಡೆಯುತ್ತಿಲ್ಲ, ಆಗಿಹೋದದ್ದು ಎಂದು ಮನಸ್ಸು ಒಪ್ಪುತ್ತದೆ.

ಒಳ್ಳೆಯ ಚಿಕಿತ್ಸಕರು ಮೊದಲ ದಿನವೇ ಕೆದಕುವುದಿಲ್ಲ. ಆತ್ಮಹತ್ಯೆಯ ಯೋಚನೆ ಇದೆಯಾ, ಕುಡಿತ ಹೆಚ್ಚಿದೆಯಾ ಎಂದು ನೋಡುತ್ತಾರೆ. 'ನಾನು ನಿಧಾನಕ್ಕೆ ಹೋಗಬೇಕಿತ್ತು' ಎಂಬ ತಪ್ಪಿತಸ್ಥ ಭಾವವನ್ನೂ ಜೊತೆಗೆ ಕೂತು ಪರೀಕ್ಷಿಸುತ್ತಾರೆ. ನಿಂತ ಬೈಕ್ ಮೇಲೆ ಕೂರುವುದು, ಆಮೇಲೆ ಹಿಂದೆ ಕೂತು ಓಣಿ ಸುತ್ತುವುದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಸಾಮಾನ್ಯವಾಗಿ ವಾರಕ್ಕೊಮ್ಮೆ, 8ರಿಂದ 15 ಭೇಟಿ.

ಒಂದು ಮಾತು: ಮನೆಗೆ ಬಂದ ನೆಂಟರೆಲ್ಲ 'ಹೆಂಗಾಯ್ತು ಹೇಳಪ್ಪ' ಎಂದು ಕೇಳುವುದು ಚಿಕಿತ್ಸೆಯಲ್ಲ. ದಯವಿಟ್ಟು ಅದನ್ನು ತಡೆಯಿರಿ. ನಡುವೆ ಅಣ್ಣನಿಗೆ ತೀರಾ ಕಷ್ಟವಾದರೆ ಚಿಕಿತ್ಸಕರಿಗೆ ಹೇಳಿ, ವೇಗ ತಗ್ಗಿಸುತ್ತಾರೆ. ರಾತ್ರಿ ಹೊತ್ತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.