ಒರಲೆ ಯಾರ ಕಡೆಯದು, ಇರುವೆಯದೋ ಜಿರಲೆಯದೋ?

ಪ್ರಶ್ನೆ: ಮೇಷ್ಟ್ರೇ, ನಮ್ಮ ಜಗಲಿಯ ಮುಂಡಿಗೆ ಕಂಬಕ್ಕೆ ಒರಲೆ (ಗೆದ್ದಲು) ಹತ್ತಿದೆ. ಮಣ್ಣಿನ ದಾರಿ ಕೆರೆದಷ್ಟೂ ಮತ್ತೆ ಕಟ್ಟುತ್ತವೆ. ‘ಹಾಳು ಬಿಳಿ ಇರುವೆ’ ಅಂತ ಬೈದಿದ್ದಕ್ಕೆ ಪಿಯುಸಿ ಓದುವ ಮಗಳು ‘ಅದು ಇರುವೆ ಅಲ್ಲಪ್ಪ, ಜಿರಲೆ’ ಅಂದಳು. ನಾನು ನಕ್ಕುಬಿಟ್ಟೆ. ಎರಡು ದಿನದಿಂದ ಅವಳು ಮಾತಾಡಿಲ್ಲ. ಯಾರದು ಸರಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮಗಳದ್ದೇ ಸರಿ. ಮೊದಲು ಹೋಗಿ ಒಪ್ಪಿಕೊಂಡು ಬನ್ನಿ, ಉಳಿದಿದ್ದನ್ನು ಆಮೇಲೆ ಓದಿದರಾಯಿತು.

ನಿಮ್ಮದೊಬ್ಬರದೇ ತಪ್ಪಲ್ಲ ಬಿಡಿ. ‘ಇರುವೆ ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಂತೆ’ ಅಂತ ನಮ್ಮ ಗಾದೆಯೇ ಇದೆ. ಹುತ್ತ ಕಟ್ಟುವುದು ಇರುವೆಯಲ್ಲ, ಒರಲೆ. ಜೀವಿಗಳಿಗೆಲ್ಲ ಹೆಸರಿಟ್ಟ ಲಿನೇಯಸ್ ಕೂಡ ಇಲ್ಲಿ ಎಡವಿದ್ದ. 1758ರಲ್ಲಿ ಅವನು ಗೆದ್ದಲನ್ನು ಹೇನು, ಚಿಗಟ, ಜೇಡ, ಏಡಿಗಳ ಜೊತೆ ‘ರೆಕ್ಕೆ ಇಲ್ಲದವು’ ಅನ್ನುವ ಗುಂಪಿಗೆ ತಳ್ಳಿದ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ನಮ್ಮೂರ ಬೀದಿದೀಪದ ಕೆಳಗೆ ಐದು ನಿಮಿಷ ನಿಂತಿದ್ದರೆ ಹಾಗೆ ಬರೆಯುತ್ತಿರಲಿಲ್ಲ, ಅಲ್ವಾ?

ಆಮೇಲಿನವರು ಗೆದ್ದಲಿಗೇ ಅಂತ ಒಂದು ಗಣ ಮಾಡಿದರು. ಅದರ ಹೆಸರು ಐಸಾಪ್ಟೆರಾ, ಅಂದರೆ ಸಮರೆಕ್ಕೆಯವು. ಈಸಲಿನ, ಅಂದರೆ ರೆಕ್ಕೆ ಬಂದ ಒರಲೆಯ, ನಾಲ್ಕೂ ರೆಕ್ಕೆ ಒಂದೇ ಅಳತೆ. ರೆಕ್ಕೆ ಬಂದ ಇರುವೆಗೆ ಮುಂದಿನ ಜೋಡಿ ದೊಡ್ಡದು, ಹಿಂದಿನದು ಚಿಕ್ಕದು. ಇರುವೆಯ ಸೊಂಟ ಸಣ್ಣ, ಒರಲೆಗೆ ಸೊಂಟವೇ ಇಲ್ಲ. ಇರುವೆಯ ಮೀಸೆ ಮೊಣಕೈ ಹಾಗೆ ಮಡಚಿರುತ್ತದೆ, ಒರಲೆಯದು ಮಣಿ ಪೋಣಿಸಿದ ಹಾಗೆ ನೆಟ್ಟಗೆ. ಇಷ್ಟನ್ನು ನಾನೂ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ‘ಐಸಾಪ್ಟೆರಾ, ಪ್ರತ್ಯೇಕ ಗಣ’ ಅಂತ ಬೋರ್ಡಿನ ಮೇಲೆ ಬರೆದು ಅಡಿಗೆರೆ ಬೇರೆ ಎಳೆಯುತ್ತಿದ್ದೆ.

2007ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಸಂಶೋಧಕರು ಗೆದ್ದಲು, ಜಿರಲೆಗಳ ಡಿಎನ್‌ಎ ಹೋಲಿಸಿ ನೋಡಿದರು. ಗೆದ್ದಲು ಜಿರಲೆಗಳ ವಂಶವೃಕ್ಷದ ಒಳಗಿನದೇ ಒಂದು ಕೊಂಬೆ ಅಂತ ಗಟ್ಟಿಯಾಯಿತು. ಈಗ ಅದರ ಗಣ ಬ್ಲಾಟೋಡಿಯಾ, ಜಿರಲೆಯದ್ದೇ. ತಮಾಷೆ ಕೇಳಿ. ಹೊಸನಗರದ ಹಳೇ ಮನೆಯ ಅಟ್ಟದಲ್ಲಿ ನನ್ನ ಎಂಎಸ್ಸಿ ನೋಟ್ಸಿನ ಟ್ರಂಕ್ ಇತ್ತು. ರಿಟೈರಾದ ವರ್ಷ ತೆಗೆದು ನೋಡಿದರೆ ರಟ್ಟಿನ ಅಂಚು ಮಾತ್ರ ಉಳಿದಿದೆ, ಒಳಗೆಲ್ಲ ಮಣ್ಣು. ಐಸಾಪ್ಟೆರಾ ಪಾಠವನ್ನು ಒರಲೆಯೇ ತಿಂದು ತಿದ್ದುಪಡಿ ಮಾಡಿತ್ತು.

ಈ ನೆಂಟಸ್ತಿಕೆಯ ಸುಳಿವು ಇನ್ನೂ ಹಳೆಯದು. ಉತ್ತರ ಅಮೆರಿಕ ಮತ್ತು ಪೂರ್ವ ಏಷ್ಯಾದ ಕಾಡುಗಳಲ್ಲಿ ಕ್ರಿಪ್ಟೋಸರ್ಕಸ್ ಅಂತ ಒಂದು ಜಿರಲೆಯಿದೆ. ಕೊಳೆತ ಮರದೊಳಗೆ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗಿದ್ದು ಆ ಮರವನ್ನೇ ತಿನ್ನುತ್ತವೆ. ಮರ ತಿನ್ನುವುದು ಸುಲಭ, ಅರಗಿಸುವುದು ಕಷ್ಟ. ಅದಕ್ಕೆ ಹೊಟ್ಟೆಯಲ್ಲಿ ಒಂದು ಜಾತಿಯ ಸೂಕ್ಷ್ಮಜೀವಿಗಳು ಬೇಕು. ಅದೇ ಬಗೆಯವು ಮರ ತಿನ್ನುವ ಹಲವು ಗೆದ್ದಲುಗಳ ಹೊಟ್ಟೆಯಲ್ಲೂ ಇವೆ ಅಂತ 1934ರಲ್ಲೇ ಅಮೆರಿಕದ ವಿಜ್ಞಾನಿ ಕ್ಲೀವ್‌ಲ್ಯಾಂಡ್ ವಿವರವಾಗಿ ಬರೆದಿದ್ದರು.

ನನಗೆ ಇಡೀ ಕಥೆಯಲ್ಲಿ ಬಹಳ ಹಿಡಿಸುವುದು ಇದೇ ಜಾಗ. ಮರಿ ಹುಟ್ಟುವಾಗ ಅದರ ಹೊಟ್ಟೆಯಲ್ಲಿ ಈ ಜೀವಿಗಳು ಇರುವುದಿಲ್ಲ. ದೊಡ್ಡವರ ಹಿಂಬದಿಯಿಂದ ಬರುವ ರಸ ಕುಡಿದೇ ಪಡೆಯಬೇಕು. (ಊಟದ ಹೊತ್ತಲ್ಲಿ ಓದುತ್ತಿರುವವರು ಕ್ಷಮಿಸಿ.) ಗೆದ್ದಲು ಪೊರೆ ಬಿಟ್ಟಾಗ ಕರುಳಿನ ಒಳಪೊರೆಯೂ ಕಳಚಿ, ಸೇರಿಸಿದ್ದೆಲ್ಲ ಹೋಗುತ್ತದೆ. ಮತ್ತೆ ಇನ್ನೊಬ್ಬರ ಹತ್ತಿರ ಕೇಳಿ ಪಡೆಯಬೇಕು. ಮನೆ ಬಿಟ್ಟು ಹೋದರೆ ಹೊಟ್ಟೆ ತುಂಬ ಮರ ತಿಂದೂ ಉಪವಾಸ! ಒಟ್ಟಿಗಿರುವ ಅಭ್ಯಾಸ ಬೆಳೆದದ್ದೇ ಈ ಗರಜಿನಿಂದ ಅಂತ ಹಲವರ ಅಂದಾಜು. ಇರುವೆ ಒಗ್ಗಟ್ಟಿಗೆ ಬಂದ ದಾರಿಯೇ ಬೇರೆ, ಅದು ಕಣಜದ ಕಡೆಯದು. ಇರುವೆಗೂಡಿನಲ್ಲಿ ಕೆಲಸದವರೆಲ್ಲ ಹೆಣ್ಣು, ಗಂಡು ಕೂಡಿದ ಮೇಲೆ ಸಾಯುತ್ತದೆ. ಒರಲೆಯಲ್ಲಿ ಹೆಣ್ಣು ಗಂಡು ಇಬ್ಬರೂ ದುಡಿಯುತ್ತಾರೆ. ರಾಜ ವರ್ಷಗಟ್ಟಲೆ ರಾಣಿಯ ಪಕ್ಕದಲ್ಲೇ ಇರುತ್ತಾನೆ.

ಇನ್ನು ನಿಮ್ಮ ಕಂಬ. ಮಣ್ಣಿನ ದಾರಿಯನ್ನು ಪೂರ್ತಿ ಕೆರೆಯಬೇಡಿ. ಒಂದು ಇಂಚು ಮಾತ್ರ ಒಡೆದು, ಟಾರ್ಚ್ ಹಿಡಿದು ಮಗಳ ಜೊತೆ ಕೂತು ನೋಡಿ. ಮೊದಲು ಎಲ್ಲ ಚದುರಿ ಓಡುತ್ತವೆ. ಸ್ವಲ್ಪ ಹೊತ್ತಿಗೆ ಕಂದು ತಲೆಯ ಕಾವಲಿನವು ಒಡೆದ ಬಾಯಿಗೆ ಬಂದು ನಿಲ್ಲುತ್ತವೆ. ಅವುಗಳ ಹಿಂದಿನಿಂದ ಕೆಲಸದ ಹುಳುಗಳು ಬರುತ್ತವೆ, ಪಾಪ, ಕಣ್ಣಿಲ್ಲದವು. ಒಂದೊಂದೂ ಎಂಜಲಲ್ಲಿ ಕಲಸಿದ ಮಣ್ಣಿನ ಒಂದು ಉಂಡೆ ತಂದು ಅಂಚಿಗೆ ಒತ್ತಿ, ತಲೆ ಅಲ್ಲಾಡಿಸಿ ಕೂರಿಸಿ ಹೋಗುತ್ತದೆ. ಗೋಡೆ ಎರಡೂ ಕಡೆಯಿಂದ ಬಗ್ಗಿ ಮೇಲೆ ಕೂಡುತ್ತದೆ. ಅವುಗಳ ಮೈಚರ್ಮ ತೆಳು, ಗಾಳಿ ಬಿಸಿಲಿಗೆ ಒಣಗಿ ಸಾಯುತ್ತವೆ. ಅದಕ್ಕೇ ಈ ಮುಚ್ಚಿದ ದಾರಿ. ನೀವು ಕೆರೆಯುವುದು ಬರೀ ರಸ್ತೆ, ಊರು ಅಂಗಳದಾಚೆ ನೆಲದೊಳಗಿದೆ. ಗೋಡೆಗೆ ಒತ್ತಿ ಪೇರಿಸಿದ ಸೌದೆ, ಸೋಗೆ ಮೊದಲು ತೆಗೆಸಿ. ಕಂಬದ ಬುಡ ಮಣ್ಣಿಗೆ ತಾಗದ ಹಾಗೆ ಕಲ್ಲು ಕೊಡಿಸಿ. ಹಿಂದಿನವರು ಮರಕ್ಕೆ ಗೇರೆಣ್ಣೆ ಬಳಿಯುತ್ತಿದ್ದರು, ಅದೂ ಸುಮ್ನೆ ಅಲ್ಲ. ಕೈಗೆ ತಾಗಿದರೆ ಮಾತ್ರ ಸುಟ್ಟುಬಿಡುತ್ತದೆ, ಜೋಪಾನ.

ಪ್ರಶ್ನೆ: ನಮ್ಮ ಸೊಪ್ಪಿನಬೆಟ್ಟದಲ್ಲಿ ಹುತ್ತದ ಅಣಬೆ ಪ್ರತಿ ವರ್ಷ ಅದೇ ಜಾಗದಲ್ಲಿ ಏಳುತ್ತದೆ. ಹಿತ್ತಲಲ್ಲಿ ಬೆಳೆಸೋಣ ಅಂತ ಕಿತ್ತು ತಂದು ನೆಟ್ಟರೆ ಬರಲಿಲ್ಲ. ಯಾಕೆ?
– ಓದುಗರೊಬ್ಬರು, ಸಾಗರ

ಉತ್ತರ: ತೋಟ ನಿಮ್ಮದಲ್ಲ, ಒರಲೆಯದು. ನಮ್ಮ ಕಡೆ ಹುತ್ತ ಕಟ್ಟುವವು ಹೆಚ್ಚಾಗಿ ಓಡಾಂಟೋಟರ್ಮಿಸ್ ಕುಲದವು. ಮೇಲೆ ಹೇಳಿದ ಹೊಟ್ಟೆಯ ಜೀವಿಗಳನ್ನು ಇವು ಕಳೆದುಕೊಂಡಿವೆ. ಬದಲಿಗೆ ಬೇಸಾಯ ಕಲಿತಿವೆ. ದರಗು, ಒಣಮರ ತಿಂದು ಬಂದು, ಅರೆಬರೆ ಅರಗಿದ ಹಿಕ್ಕೆಯನ್ನು ನೆಲದೊಳಗಿನ ಕೋಣೆಯಲ್ಲಿ ಒಟ್ಟುತ್ತವೆ. ಕಂದು ಸ್ಪಂಜಿನ ಹಾಗೆ ಕಾಣುತ್ತದೆ ಅದು. ಹುತ್ತ ಅಗೆದವರು ನೋಡಿರುತ್ತೀರಿ, ಅದರ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಮಣಿಗಳು. ಅದೇ ಬೆಳೆ, ಟರ್ಮಿಟೋಮೈಸಿಸ್ ಅನ್ನುವ ಶಿಲೀಂಧ್ರ. ಮರದ ಗಟ್ಟಿ ಭಾಗವನ್ನು ಅದು ಮೆತ್ತಗೆ ಮಾಡಿಕೊಡುತ್ತದೆ, ಒರಲೆ ಉಣ್ಣುತ್ತದೆ. ಮಳೆ ಹದವಾದಾಗ ಅದೇ ಶಿಲೀಂಧ್ರ ಉದ್ದ ಬೇರಿನಂಥ ಕಾಲು ಬಿಟ್ಟು ಮೇಲೆ ಬಂದು ಅಣಬೆಯಾಗುತ್ತದೆ. ಕೆಳಗೆ ಒರಲೆ ಇರುವಷ್ಟು ವರ್ಷ ಅಲ್ಲೇ ಏಳುತ್ತದೆ. ಈ ಬೇಸಾಯ ಶುರುವಾಗಿ ಸುಮಾರು 3 ಕೋಟಿ ವರ್ಷ, ಅದೂ ಆಫ್ರಿಕಾದಲ್ಲಿ. ನಮ್ಮ ಅಡಿಕೆ ತೋಟಕ್ಕೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಗುರುತು ಗೊತ್ತಿಲ್ಲದ ಅಣಬೆಯನ್ನು ಮಾತ್ರ ಮುಟ್ಟಬೇಡಿ.

ಪ್ರಶ್ನೆ: ದೀಪಕ್ಕೆ ಬಂದ ಈಸಲು ರೆಕ್ಕೆ ಉದುರಿಸಿ ಒಂದರ ಹಿಂದೆ ಒಂದು ಓಡುವುದು ಯಾಕೆ?
– ಶಿವಮೊಗ್ಗದ ಎಂಟನೇ ಕ್ಲಾಸಿನ ಹುಡುಗ

ಉತ್ತರ: ಮದುವೆ ಕಣಪ್ಪಾ! ಮುಂದಿನದು ಹೆಣ್ಣು, ಹಿಂದಿನದು ಗಂಡು. ಜಾಗ ಹುಡುಕುತ್ತಿವೆ. ಸಿಕ್ಕಿದರೆ ಇಬ್ಬರೂ ಮಣ್ಣಿಗಿಳಿದು ಹೊಸ ಊರು ಕಟ್ಟುತ್ತಾರೆ. ಜಾಸ್ತಿ ಜೋಡಿಗಳು ಅಲ್ಲಿಗೆ ಮುಟ್ಟುವುದಿಲ್ಲ. ನಮ್ಮನೆ ಹಜಾರದ ಟ್ಯೂಬ್‌ಲೈಟಿನ ಹಿಂದೆ ಒಂದು ಹಲ್ಲಿ ಇದೆ, ಮುಂಗಾರಿನಲ್ಲಿ ಅದಕ್ಕೆ ಗೋಡೆ ಹತ್ತೋಕೆ ಆಗೋದಿಲ್ಲ.